148 ಮೆಗಾಹರ್ಟ್ಜ್ ಮತ್ತು ಒಂದು ಮದುವೆಯ ಫೋಟೋಗಳು

2009ರ ಬೇಸಿಗೆ, ಮದುವೆ ಸೀಸನ್ನು ಜೋರಾಗಿತ್ತು. ನಾನು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಸೇರಿ ಸುಮಾರು ಒಂದು ವರ್ಷ ಆಗಿತ್ತು. ತುಮಕೂರಿನಿಂದ ಒಬ್ಬ ಫೋಟೋಗ್ರಾಫರ್ ಬಂದರು. ಮದುವೆ ಫೋಟೋ ತೆಗೆದು, ಆಲ್ಬಂ ಡಿಸೈನ್ ಕೂಡ ಅವರೇ ಮಾಡುತ್ತಿದ್ದರು. "ನೋಡಪ್ಪ, ಫೋಟೋಶಾಪ್‌ನಲ್ಲಿ ಒಂದು ಪೇಜ್ ತೆಗೆದರೆ ಟೀ ಕುಡಿದು ಬರಬಹುದು, ಅಷ್ಟು ನಿಧಾನ. ಹೊಸದು ತಗೊಳ್ಳೋಕೆ ಈ ವರ್ಷ ಆಗಲ್ಲ. ಏನಾದರೂ ಮಾಡು" ಅಂದರು.

ಅವರ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಇಂಟೆಲ್‌ನ ಪೆಂಟಿಯಂ ಡ್ಯುಯಲ್ ಕೋರ್ ಟಿ2080. 1.73 ಗಿಗಾಹರ್ಟ್ಜ್, 1 ಜಿಬಿ ರ‍್ಯಾಮ್. ನನಗೆ ಆಗ ಓವರ್‌ಕ್ಲಾಕಿಂಗ್, ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ಸ್ಪೀಡ್‌ಗಿಂತ ಜೋರಾಗಿ ಓಡಿಸುವ ಹುಚ್ಚು ಹಿಡಿದಿದ್ದ ಕಾಲ. ನಮ್ಮ ಓನರ್ ಅಣ್ಣ ಅದಕ್ಕೂ ಮುಂಚೆಯೇ ಹಳೇ ಪೆಂಟಿಯಂ ಎಂ ಲ್ಯಾಪ್‌ಟಾಪ್‌ಗಳಲ್ಲಿ ಪಿನ್ ಮಾಡ್ ಮಾಡಿದ್ದನ್ನು ನೋಡಿದ್ದೆ. ಪ್ರೊಸೆಸರ್ ತೆಗೆದು, ಸಾಕೆಟ್‌ನ ಎರಡು ತೂತುಗಳ ಮಧ್ಯೆ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಯು ಆಕಾರದಲ್ಲಿ ಇಳಿಸಿ, ಮೇಲೆ ಪ್ರೊಸೆಸರ್ ಕೂರಿಸುತ್ತಿದ್ದರು. 1.6 ಗಿಗಾಹರ್ಟ್ಜ್‌ನ ಪೆಂಟಿಯಂ ಎಂ 725, ಆನ್ ಮಾಡಿದರೆ 2.13 ಗಿಗಾಹರ್ಟ್ಜ್ ತೋರಿಸುತ್ತಿತ್ತು. ಅದನ್ನು ಮೊದಲ ಸಲ ನೋಡಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಅದು ಹೇಗೆ ಆಗುತ್ತೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ ತಪ್ಪು ಅರ್ಥ ಆಗಲ್ಲ. ಮದರ್‌ಬೋರ್ಡ್ ಮೇಲೆ ಕ್ಲಾಕ್ ಚಿಪ್ ಅಂತ ಒಂದಿರುತ್ತದೆ. ಭಜನೆಯಲ್ಲಿ ತಾಳ ಹಾಕುವವರಿದ್ದಾರಲ್ಲ, ಹಾಗೆ. ಪ್ರೊಸೆಸರ್, ರ‍್ಯಾಮ್, ಮಿಕ್ಕಿದ್ದೆಲ್ಲ ಆ ತಾಳಕ್ಕೆ ಸರಿಯಾಗಿ ನಡೆಯಬೇಕು. ಟಿ2080ಕ್ಕೆ ಆ ತಾಳ 133 ಮೆಗಾಹರ್ಟ್ಜ್. ಪ್ರೊಸೆಸರ್ ಅದನ್ನು ಒಳಗೆ 13ರಿಂದ ಗುಣಿಸಿಕೊಳ್ಳುತ್ತದೆ, ಅಲ್ಲಿಗೆ 1.73 ಗಿಗಾಹರ್ಟ್ಜ್. ಆ 13 ಅನ್ನೋ ಗುಣಕವನ್ನು ಇಂಟೆಲ್‌ನವರು ಲಾಕ್ ಮಾಡಿರುತ್ತಾರೆ, ಮೇಲೆ ಏರಿಸೋಕೆ ಆಗಲ್ಲ. ಹಾಗಾಗಿ ಉಳಿದ ದಾರಿ ತಾಳವನ್ನೇ ಜೋರು ಮಾಡುವುದು.

ಜೋರು ಮಾಡಲು ಎರಡು ದಾರಿ ಇದ್ದವು. ಒಂದು ಹಾರ್ಡ್‌ವೇರ್ ದಾರಿ. ತನಗೆ ಎಷ್ಟು ಮೆಗಾಹರ್ಟ್ಜ್ ಬೇಕು ಅಂತ ಪ್ರೊಸೆಸರ್ ಬಿಸೆಲ್ ಅನ್ನುವ ಪಿನ್‌ಗಳ ಮೂಲಕ ಬೋರ್ಡ್‌ಗೆ ಹೇಳುತ್ತದೆ. ಟಿ2080ರಲ್ಲಿ ಅದರಲ್ಲೊಂದು ಪಿನ್ ಸಾಕೆಟ್‌ಗೆ ತಾಗದ ಹಾಗೆ ಮುಚ್ಚಿದರೆ ಬೋರ್ಡ್ ಅದನ್ನು 166 ಅಂತ ಓದಿಕೊಳ್ಳುತ್ತದೆ. 166 ಗುಣಿಸು 13, ಅಂದರೆ 2.16 ಗಿಗಾಹರ್ಟ್ಜ್. ಇನ್ನೊಂದು ಸಾಫ್ಟ್‌ವೇರ್ ದಾರಿ. ಸೆಟ್‌ಎಫ್‌ಎಸ್‌ಬಿ ಅಂತ ಒಂದು ಪುಟ್ಟ ಪ್ರೋಗ್ರಾಂ ಇತ್ತು. ಬೋರ್ಡ್ ಬಿಚ್ಚಿ, 14.318 ಅಂತ ಬರೆದಿರುವ ಕ್ರಿಸ್ಟಲ್ ಪಕ್ಕದಲ್ಲಿರುವ ಕ್ಲಾಕ್ ಚಿಪ್‌ನ ನಂಬರ್ ಓದಿಕೊಂಡು, ಪ್ರೋಗ್ರಾಂನಲ್ಲಿ ಅದೇ ನಂಬರ್ ಆರಿಸಿದರೆ, ವಿಂಡೋಸ್ ಓಡುತ್ತಿರುವಾಗಲೇ ಒಂದು ಸ್ಲೈಡರ್ ಎಳೆದು ಸ್ಪೀಡ್ ಏರಿಸಬಹುದಿತ್ತು.

ನಾನು ಸ್ಲೈಡರ್ ದಾರಿ ಹಿಡಿದೆ. ಪಿನ್ ಮುಟ್ಟುವುದು ಬೇಡ, ಬೇಡ ಅನ್ನಿಸಿದರೆ ರೀಸ್ಟಾರ್ಟ್ ಮಾಡಿದರೆ ಆಯ್ತು, ಇದೇ ಸುರಕ್ಷಿತ ಅಂದುಕೊಂಡೆ. ಓನರ್ ಅಣ್ಣ ಅವತ್ತು ಊರಿಗೆ ಹೋಗಿದ್ದರು. 133ರಿಂದ ಒಂದೊಂದೇ ಏರಿಸಿದೆ. 152ಕ್ಕೆ ಸ್ಕ್ರೀನ್ ಫ್ರೀಜ್ ಆಯಿತು. 148ಕ್ಕೆ ಇಳಿಸಿದೆ, ನಿಂತಿತು. ಸ್ಪೀಡ್ ತೋರಿಸುವ ಸಿಪಿಯು-ಝಡ್ ಪ್ರೋಗ್ರಾಂನಲ್ಲಿ 1.92 ಗಿಗಾಹರ್ಟ್ಜ್ ಅಂತ ಬಂತು. ಅರ್ಧ ಗಂಟೆ ಫೋಟೋಶಾಪ್ ಓಡಿಸಿ ನೋಡಿದೆ, ಏನೂ ತೊಂದರೆ ಇಲ್ಲ. ಮೆಮ್‌ಟೆಸ್ಟ್ ಸಿಡಿ ಹಾಕಿ ರ‍್ಯಾಮ್ ಕೂಡ ಟೆಸ್ಟ್ ಮಾಡಿದೆ, ಒಂದೂ ಎರರ್ ಇಲ್ಲ. ವಿಂಡೋಸ್ ಶುರುವಾದ ಕೂಡಲೇ 148 ಸೆಟ್ ಆಗುವ ಹಾಗೆ ಮಾಡಿ ಕೊಟ್ಟು ಕಳಿಸಿದೆ. ಅವರು ಖುಷಿಯಿಂದಲೇ ಹೋದರು.

ಹನ್ನೆರಡು ದಿನ ಬಿಟ್ಟು ವಾಪಸ್ ಬಂದರು. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಲ್ಯಾಪ್‌ಟಾಪ್ ತೆರೆದು ಒಂದು ಫೋಟೋ ತೋರಿಸಿದರು. ಮೇಲಿನ ಅರ್ಧದಲ್ಲಿ ಮಂಟಪ, ಹೂವಿನ ಅಲಂಕಾರ, ಹುಡುಗಿಯ ಬಾಸಿಂಗ, ಎಲ್ಲ ಸರಿಯಾಗಿದೆ. ಅಲ್ಲಿಂದ ಕೆಳಗೆ ಒಂದು ಗೆರೆ ಹೊಡೆದ ಹಾಗೆ ಬಣ್ಣವೆಲ್ಲ ಪಕ್ಕಕ್ಕೆ ಸರಿದು, ಕೊನೆಗೆ ಬರೀ ಬೂದು. ಮುಂದಿನದು ಸರಿ ಇತ್ತು, ಅದರ ಮುಂದಿನದೂ ಸರಿ ಇತ್ತು, ಆಮೇಲಿನದು ಮತ್ತೆ ಹಾಗೇ. ಕ್ಯಾಮೆರಾ ಕಾರ್ಡ್‌ನಿಂದ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ, ಕಾರ್ಡ್ ಫಾರ್ಮ್ಯಾಟ್ ಮಾಡಿ, ಅದರಲ್ಲೇ ಮಾರನೇ ದಿನ ಒಂದು ನಾಮಕರಣದ ಫೋಟೋ ತೆಗೆದಿದ್ದರು. ಅವರದೇನೂ ತಪ್ಪಿಲ್ಲ, ಆಗ ಎಲ್ಲ ಫೋಟೋಗ್ರಾಫರ್‌ಗಳೂ ಮಾಡುತ್ತಿದ್ದದ್ದೇ ಅದು.

ಓನರ್ ಅಣ್ಣ ಬೈಯಲಿಲ್ಲ. ಕಾರ್ಡ್ ಇಸ್ಕೊಂಡು ಅಳಿಸಿಹೋದ ಫೋಟೋ ಹುಡುಕಿ ತೆಗೆಯುವ ಫೋಟೋರೆಕ್ ಪ್ರೋಗ್ರಾಂ ಹಾಕಿ ಕೂತರು. ಕೆಟ್ಟಿದ್ದ ಅರವತ್ತು ಚಿಲ್ಲರೆ ಫೋಟೋಗಳಲ್ಲಿ ಹೆಚ್ಚಿನವು ವಾಪಸ್ ಬಂದವು. ಹನ್ನೊಂದು ಬರಲೇ ಇಲ್ಲ, ಅವುಗಳ ಜಾಗದಲ್ಲಿ ನಾಮಕರಣದ ಫೋಟೋಗಳು ಕೂತಿದ್ದವು. ಆ ಹನ್ನೊಂದರಲ್ಲಿ ನಾಲ್ಕು ಧಾರೆ ಎರೆಯುವಾಗ ತೆಗೆದದ್ದು. ಆ ಮನುಷ್ಯ ಹುಡುಗಿಯ ತಂದೆಗೆ ಏನು ಹೇಳಿದರೋ ಗೊತ್ತಿಲ್ಲ, ನಾನು ಕೇಳೋ ಧೈರ್ಯ ಮಾಡಲಿಲ್ಲ. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಇದೆ.

ರಾತ್ರಿ ಅಂಗಡಿ ಶಟರ್ ಅರ್ಧ ಎಳೆದು ಅಣ್ಣ ನನ್ನನ್ನು ಕೂರಿಸಿಕೊಂಡು, "ನೀನು ಯಾವ ಟೆಸ್ಟ್ ಮಾಡಿದೆ, ಹೇಳು" ಅಂದರು. ಮೆಮ್‌ಟೆಸ್ಟ್ ಮಾಡಿದೆ ಅಣ್ಣ, ಪಾಸ್ ಆಯ್ತು ಅಂದೆ. "ಮೆಮ್‌ಟೆಸ್ಟ್ ಸಿಡಿಯಿಂದ ಬೂಟ್ ಆಗುತ್ತೆ. ನಿನ್ನ 148 ಇರೋದು ವಿಂಡೋಸ್‌ನಲ್ಲಿ. ನೀನು ಟೆಸ್ಟ್ ಮಾಡಿದ್ದು 133ರಲ್ಲಿ ಕಣೋ" ಅಂದರು. ಒಂದು ನಿಮಿಷ ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ಅವರು ಅದೇ 148ರಲ್ಲಿ, ವಿಂಡೋಸ್ ಒಳಗೇ, ಭಾರೀ ಲೆಕ್ಕ ಮಾಡಿಸಿ ತಪ್ಪು ಹಿಡಿಯುವ ಪ್ರೈಮ್95 ಪ್ರೋಗ್ರಾಂ ಹಾಕಿ ಬ್ಲೆಂಡ್ ಟೆಸ್ಟ್ ಓಡಿಸಿದರು. ಅದು ಪ್ರೊಸೆಸರ್ ಜೊತೆಗೆ ರ‍್ಯಾಮ್‌ನ ದೊಡ್ಡ ಭಾಗವನ್ನೂ ದುಡಿಸುತ್ತದೆ. ನಲವತ್ತು ನಿಮಿಷ ಸುಮ್ನೆ ಓಡಿತು. ಆಮೇಲೆ ಒಂದು ಕೋರ್‌ನ ಕಿಟಕಿಯ ಐಕಾನ್ ಕೆಂಪಾಗಿ, ಫೇಟಲ್ ಎರರ್, ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು ಅಂತ ಬಂತು. ಗಮನಿಸಿ, ಲ್ಯಾಪ್‌ಟಾಪ್ ಹ್ಯಾಂಗ್ ಆಗಲಿಲ್ಲ. ಮೌಸ್ ಓಡಾಡುತ್ತಲೇ ಇತ್ತು. ಒಂದು ಲೆಕ್ಕ ಮಾತ್ರ ತಪ್ಪಿತು, ಅಷ್ಟೇ. ಆ ಲೆಕ್ಕದ ಜಾಗದಲ್ಲಿ ಕಾಪಿ ಆಗುತ್ತಿರುವ ಒಂದು ಜೆಪೆಗ್ ಫೈಲ್ ಇದ್ದರೆ, ಆ ಒಂದು ತಪ್ಪಿನಿಂದ ಕೆಳಗಿನ ಅರ್ಧ ಫೋಟೋ ಹೋಗುತ್ತದೆ.

ತಪ್ಪಿದ್ದು ಪ್ರೊಸೆಸರ್ ಅಲ್ಲ, ರ‍್ಯಾಮ್ ಇರಬೇಕು ಅನ್ನುವುದು ನನ್ನ ಊಹೆ. ಪಿನ್ ಮಾಡ್ ಮಾಡಿದಾಗ, ಲ್ಯಾಪ್‌ಟಾಪ್ ಆನ್ ಆಗುವ ಹೊತ್ತಿಗೇ ಬಯಾಸ್‌ಗೆ, ಅಂದರೆ ಆನ್ ಆದ ಕೂಡಲೇ ಬೋರ್ಡ್‌ನಲ್ಲಿ ಓಡುವ ಪ್ರೋಗ್ರಾಂಗೆ, ಹೊಸ ತಾಳ ಗೊತ್ತಿರುತ್ತದೆ. ರ‍್ಯಾಮ್ ಆ ತಾಳದ ಎಷ್ಟು ಪಟ್ಟು ಓಡಬೇಕು ಅನ್ನುವ ಅನುಪಾತವನ್ನು ಅದು ರ‍್ಯಾಮ್‌ಗೆ ತಕ್ಕಂತೆ ಹಾಕಿಕೊಳ್ಳುತ್ತದೆ. ಸೆಟ್‌ಎಫ್‌ಎಸ್‌ಬಿಯಲ್ಲಿ ಹಾಗಿಲ್ಲ. ಅನುಪಾತ ಬೂಟ್ ಆಗುವಾಗಲೇ ನಿಂತುಹೋಗಿದೆ, ಆಮೇಲೆ ತಾಳ ಎಷ್ಟು ಏರಿಸಿದರೆ ರ‍್ಯಾಮ್ ಕೂಡ ಅಷ್ಟೇ ಏರುತ್ತದೆ. ಅವರ ಲ್ಯಾಪ್‌ಟಾಪ್‌ನಲ್ಲಿದ್ದದ್ದು ಡಿಡಿಆರ್2 533 ಸ್ಟಿಕ್, ಅಂದರೆ 533ರ ಸ್ಪೀಡ್‌ಗೆ ಮಾಡಿದ ರ‍್ಯಾಮ್. ನಾನು ಅದನ್ನು ಗೊತ್ತಿಲ್ಲದೇ 590ರ ಮೇಲೆ ಓಡಿಸಿದ್ದೆ. ಯಾವುದನ್ನು ನಾನು ಸುರಕ್ಷಿತ ಅಂದುಕೊಂಡೆನೋ ಅದೇ ಜಾಸ್ತಿ ಅಪಾಯದ ದಾರಿಯಾಗಿತ್ತು. 

ಇನ್ನೊಂದು ವಿಷಯ ಅವತ್ತೇ ಗೊತ್ತಾಯಿತು, ಅದು ಇನ್ನೂ ಬೇಜಾರಿನದು. ಅಣ್ಣ ಟಾಸ್ಕ್ ಮ್ಯಾನೇಜರ್ ತೆಗೆದು, ಆಲ್ಬಂನ ಒಂದು ಪೇಜ್ ಓಪನ್ ಮಾಡಿ ತೋರಿಸಿದರು. ಪ್ರೊಸೆಸರ್ 20 ಪರ್ಸೆಂಟ್ ಕೂಡ ಕೆಲಸ ಮಾಡುತ್ತಿರಲಿಲ್ಲ. 1 ಜಿಬಿ ರ‍್ಯಾಮ್ ಪೂರ್ತಿ ತುಂಬಿ, ಮಿಕ್ಕಿದ್ದನ್ನೆಲ್ಲ ಹಾರ್ಡ್‌ಡಿಸ್ಕ್‌ಗೆ ಬರೆಯುತ್ತಾ, ಮತ್ತೆ ಓದುತ್ತಾ ಒದ್ದಾಡುತ್ತಿತ್ತು. ಹಾರ್ಡ್‌ಡಿಸ್ಕ್ ಲೈಟ್ ಆರುತ್ತಲೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಇನ್ನೊಂದು ರ‍್ಯಾಮ್ ಸ್ಟಿಕ್. ಅಣ್ಣ ಎಲ್ಲ ಮೊದಲಿನ ಹಾಗೆ ಮಾಡಿ, ದುಡ್ಡು ತಗೊಳ್ಳದೇ 1 ಜಿಬಿ ರ‍್ಯಾಮ್ ಹಾಕಿ, ಫ್ಯಾನ್ ಬಿಚ್ಚಿ ಧೂಳು ತೆಗೆದು ಕೊಟ್ಟರು. ಪೇಜ್‌ಗಳು ಚಟ್ ಅಂತ ತೆಗೆದುಕೊಂಡವು.

ಈಗ ನಂದೇ ಸ್ವಂತ ಟೇಬಲ್ ಇದೆ. ಕಾಲ ಪೂರ್ತಿ ಬದಲಾಗಿದೆ. ಸೆಟ್‌ಎಫ್‌ಎಸ್‌ಬಿ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಕೆಲಸಕ್ಕೆ ಬರಲ್ಲ. ಹೆಚ್ಚಿನ ಪ್ರೊಸೆಸರ್‌ಗಳನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ತೆಗೆದು ಪಿನ್ ಮುಚ್ಚುವ ಮಾತೇ ಇಲ್ಲ. ಇಂಟೆಲ್‌ನಲ್ಲಿ ಎಚ್‌ಕೆ, ಈಚೆಗೆ ಎಚ್‌ಎಕ್ಸ್ ಅಂತ ಕೊನೆಗೆ ಇರುವ ಕೆಲವು ಮಾತ್ರ ಅನ್‌ಲಾಕ್ ಆಗಿ ಬರುತ್ತವೆ, ಐ9-8950ಎಚ್‌ಕೆ ಥರದವು. ಉಳಿದವಕ್ಕೆ ಟರ್ಬೋ ಇದೆ, ಅಂದರೆ ಕಂಪನಿಯವರೇ ಓವರ್‌ಕ್ಲಾಕ್ ಮಾಡಿ ಕಳಿಸಿರುತ್ತಾರೆ ಅನ್ನಬಹುದು. ಶಾಖ ಮತ್ತು ವ್ಯಾಟ್ ಬಿಟ್ಟಷ್ಟು ಹೊತ್ತು ಅದು ಓಡುತ್ತದೆ, ಬಿಡದಿದ್ದರೆ ಇಳಿಯುತ್ತದೆ. ಹಾಗಾಗಿ ಈಗ ನಾನು ಸ್ಪೀಡ್ ಹುಡುಕುವುದು ಆ ಶಾಖದಲ್ಲಿ.

ಹೋದ ತಿಂಗಳು ಬಂದ ಒಂದು ಕೇಸ್ ಹೇಳುತ್ತೇನೆ. ಆರ್ಕಿಟೆಕ್ಚರ್ ಓದುವ ಹುಡುಗಿ, ಐ7-8750ಎಚ್ ಇರುವ ಲ್ಯಾಪ್‌ಟಾಪ್. ಆರೂ ಕೋರ್ ದುಡಿಯುವಾಗ 3.9 ಗಿಗಾಹರ್ಟ್ಜ್‌ವರೆಗೆ ಹೋಗಬೇಕು. ರೆಂಡರ್, ಅಂದರೆ ಡಿಸೈನ್‌ನಿಂದ ಚಿತ್ರ ಮಾಡುವ ಕೆಲಸ ಹಾಕಿದರೆ ಕೆಲವು ಸೆಕೆಂಡ್ 3.9, ಅಷ್ಟರಲ್ಲಿ 97 ಡಿಗ್ರಿ, ಆಮೇಲೆ 2.6ಕ್ಕೆ ಇಳಿದು ಅಲ್ಲೇ ಕೂರುತ್ತಿತ್ತು. "ಓವರ್‌ಕ್ಲಾಕ್ ಮಾಡಿದರೆ ಸರಿ ಹೋಗುತ್ತಾ ಅಂಕಲ್?" ಅಂತ ಕೇಳಿದಳು. ಕೆಳಗಿನ ಕವರ್ ಬಿಚ್ಚಿದೆ. ಫ್ಯಾನ್‌ಗೂ ಶಾಖ ಹೊರಹಾಕುವ ಹೀಟ್‌ಸಿಂಕ್‌ನ ರೆಕ್ಕೆಗಳಿಗೂ ಮಧ್ಯೆ ಧೂಳು ಹತ್ತಿಯ ಬತ್ತಿಯ ಹಾಗೆ ಹೊಸೆದುಕೊಂಡು ಕೂತಿತ್ತು, ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಪ್ರೊಸೆಸರ್‌ನ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಪೇಸ್ಟ್ ಒಣಗಿ ಅಂಚಿಗೆ ಸರಿದು, ಪ್ರೊಸೆಸರ್‌ನ ನಡುಭಾಗದಲ್ಲಿ ಬರೀ ಸಿಲಿಕಾನ್ ಹೊಳೆಯುತ್ತಿತ್ತು. ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಡೆಸ್ಕ್‌ಟಾಪ್‌ನಲ್ಲಿರುವಂಥ ಮೇಲಿನ ಲೋಹದ ಮುಚ್ಚಳ ಇರಲ್ಲ. ಕಾದು, ತಣಿದು, ಕಾದು, ತಣಿದು ತೆಳು ಪೇಸ್ಟ್ ಹೊರಗೆ ಹರಿದುಬಿಡುತ್ತದೆ.

ಪೇಸ್ಟ್ ಬದಲು ಅದೇ ಕೆಲಸ ಮಾಡುವ ಪಿಟಿಎಂ7950 ಅನ್ನುವ ತೆಳು ಹಾಳೆ ಹಾಕಿದೆ. ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ, ಬೇಗ ಹರಿದು ಹೋಗಲ್ಲ. ಲಿಕ್ವಿಡ್ ಮೆಟಲ್ ಹಾಕಿ ಅಂತ ಕೆಲವರು ಹಟ ಮಾಡುತ್ತಾರೆ, ನಾನು ಹಾಕಲ್ಲ. ಅದರಲ್ಲಿ ಗ್ಯಾಲಿಯಂ ಇರುತ್ತದೆ, ಅಲ್ಯೂಮಿನಿಯಂ ಮುಟ್ಟಿದರೆ ತಿಂದುಹಾಕುತ್ತದೆ. ಜೊತೆಗೆ ಅದು ಕರೆಂಟ್ ಹರಿಯುವ ವಸ್ತು. ಬ್ಯಾಗ್‌ನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಓಡಾಡುವ ಲ್ಯಾಪ್‌ಟಾಪ್ ಒಳಗೆ ಅಂಥ ಹನಿ ಇರುವುದು ನನಗೆ ಇಷ್ಟ ಇಲ್ಲ.

ಇಷ್ಟಕ್ಕೇ 3.1 ಗಿಗಾಹರ್ಟ್ಜ್‌ನಲ್ಲಿ ನಿಂತಿತು. ಆಮೇಲೆ ಥ್ರಾಟಲ್‌ಸ್ಟಾಪ್ ಅನ್ನುವ ಪ್ರೋಗ್ರಾಂನಲ್ಲಿ ಅಂಡರ್‌ವೋಲ್ಟ್, ಅಂದರೆ ಪ್ರೊಸೆಸರ್‌ಗೆ ಹೋಗುವ ವೋಲ್ಟೇಜ್ ಇಳಿಸುವುದು. ವೋಲ್ಟೇಜ್ ಇಳಿಸಿದರೆ ಸ್ಪೀಡ್ ಹೇಗೆ ಏರುತ್ತೆ ಅಂತ ಅವಳು ಕೇಳಿದಳು, ಒಳ್ಳೇ ಪ್ರಶ್ನೆ. ಪ್ರೊಸೆಸರ್ ತಿನ್ನುವ ವ್ಯಾಟ್ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. 1.1 ವೋಲ್ಟ್ ಇದ್ದದ್ದು 1.0 ಆದರೆ ಅದೇ ಸ್ಪೀಡ್‌ಗೆ ಸುಮಾರು 17 ಪರ್ಸೆಂಟ್ ಕಡಿಮೆ ಶಾಖ. ಉಳಿದ ಆ ಜಾಗವನ್ನು ಟರ್ಬೋ ತಾನೇ ತುಂಬಿಕೊಳ್ಳುತ್ತದೆ. ಕೋರ್‌ಗೂ, ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿಯಾದ ಕ್ಯಾಶ್‌ಗೂ ಎರಡಕ್ಕೂ ಸೇರಿಸಿ ಇಳಿಸಬೇಕು, ಕೋರ್ ಒಂದನ್ನೇ ಇಳಿಸಿ ಏನೂ ಆಗಲಿಲ್ಲ ಅನ್ನುವವರು ಜಾಸ್ತಿ. 125 ಮಿಲಿವೋಲ್ಟ್ ಇಳಿಸಿದಾಗ ನೀಲಿ ಸ್ಕ್ರೀನ್ ಬಂತು. 115ರಲ್ಲಿ ಮೂರು ಗಂಟೆ ಆದಮೇಲೆ ಪ್ರೈಮ್95 ಎರರ್ ಕೊಟ್ಟಿತು. 95ಕ್ಕೆ ತಂದು ಒಂದು ರಾತ್ರಿ ಪೂರ್ತಿ ಬಿಟ್ಟೆ, ಬೆಳಿಗ್ಗೆಗೆ ಒಂದೂ ಎರರ್ ಇರಲಿಲ್ಲ. ರೆಂಡರ್‌ನಲ್ಲಿ 3.4 ಗಿಗಾಹರ್ಟ್ಜ್, 85 ಡಿಗ್ರಿ.

ಎಲ್ಲ ಲ್ಯಾಪ್‌ಟಾಪ್‌ನಲ್ಲೂ ಇದು ಆಗಲ್ಲ ಅನ್ನುವುದನ್ನೂ ಹೇಳಿಬಿಡಬೇಕು. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷ ಹೊರಗೆ ಬಂತು. ವೋಲ್ಟೇಜ್ ಬೇಕಂತಲೇ ಇಳಿಸಿ, ಪ್ರೊಸೆಸರ್ ಲೆಕ್ಕ ತಪ್ಪುವ ಹಾಗೆ ಮಾಡಿ, ಒಳಗಿನ ಗುಟ್ಟಿನ ಕೀಗಳನ್ನು ಕದಿಯಬಹುದು ಅಂತ ಸಂಶೋಧಕರು ತೋರಿಸಿದರು. ಆಮೇಲೆ ಬಂದ ಬಯಾಸ್ ಅಪ್‌ಡೇಟ್‌ಗಳಲ್ಲಿ ತುಂಬಾ ಕಡೆ ಅಂಡರ್‌ವೋಲ್ಟ್ ಲಾಕ್ ಆಯಿತು. ಅದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಅರ್ಧ ಬೂದು ಫೋಟೋ. ಎರಡೂ ಕಡೆ ಆಗುತ್ತಿರುವುದು ಒಂದೇ ಅಲ್ವಾ, ಮಷೀನು ನಿಲ್ಲದೇ ಸದ್ದಿಲ್ಲದೇ ತಪ್ಪು ಲೆಕ್ಕ ಹಾಕುವುದು.

ಆ ಹುಡುಗಿಯ ಲ್ಯಾಪ್‌ಟಾಪ್ ಬಿಚ್ಚುವ ಮೊದಲು ಅವಳ ಥೀಸಿಸ್ ಫೋಲ್ಡರ್‌ನ ಬ್ಯಾಕಪ್ ಇದೆಯಾ ಅಂತ ಕೇಳಿದ್ದೆ. ಇರಲಿಲ್ಲ. ಅವಳ ಎದುರಿಗೇ ಅವಳದೇ ಪೆನ್‌ಡ್ರೈವ್‌ಗೆ ಕಾಪಿ ಹಾಕಿ, ನಾಲ್ಕೈದು ಫೈಲ್ ತೆಗೆದು ನೋಡಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿದೆ. ಕೊಡುವಾಗ ಕೆಳಗಿನ ಕವರ್‌ನ ಒಳಭಾಗಕ್ಕೆ ಒಂದು ಚಿಕ್ಕ ಸ್ಟಿಕರ್ ಅಂಟಿಸಿದೆ, ತಾರೀಖು, ಮೈನಸ್ 95, ಹಾಳೆ ಹಾಕಿದ್ದು, ಎಷ್ಟು ಗಂಟೆ ಟೆಸ್ಟ್ ಮಾಡಿದ್ದು ಎಲ್ಲ ಬರೆದು. ನಾಳೆ ಬೇರೆ ಯಾರಾದರೂ ಅದನ್ನು ಬಿಚ್ಚಿದರೆ, ಒಳಗೆ ಏನು ಮಾಡಿದೆ ಅಂತ ಅವರಿಗೂ ಗೊತ್ತಾಗಲಿ.