ಹಲಗೆಯಿಂದ ಅಳಿಸಿದ ಎರಡಕ್ಷರ

ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಕಳೆದ ಭಾನುವಾರ ನಾನು ಅಮೆರಿಕದ ಕವಿ, ಕಾದಂಬರಿಕಾರ ಅರಾಮ್ ಸರೋಯನ್ ಅವರ ಕುರಿತು ಮಾತನಾಡಬೇಕಿತ್ತು. ನಲವತ್ತು ನಿಮಿಷಕ್ಕಾಗುವಷ್ಟು ಟಿಪ್ಪಣಿ ಬರೆದುಕೊಂಡಿದ್ದೆನಾದರೂ, ಅವರ ಹೆಸರಾಂತ ಕವಿತೆಯನ್ನು ಬಾಯಿಬಿಟ್ಟು ಓದಲಾಗದ ಕಾರಣ ಅದನ್ನು ಕರಿಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದೆ. 'ಲೈಟ್' ಎಂಬ ಪದದ ನಡುವೆ ಉಚ್ಚಾರವಿಲ್ಲದೆ ಸುಮ್ಮನೆ ಕುಳಿತಿರುವ ಜಿ, ಎಚ್ ಜೋಡಿಯನ್ನು ಇನ್ನೊಮ್ಮೆ ಬರೆದರೆ ಕವಿತೆ ಮುಗಿಯಿತು. ಒಟ್ಟು ಏಳೇ ಅಕ್ಷರ.

ನಾನು ಸಭೆಯತ್ತ ತಿರುಗುವಷ್ಟರಲ್ಲಿ, ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದ ಹಿರಿಯರೊಬ್ಬರು ಎದ್ದು ಬಂದು, "ಕೈತಪ್ಪಿದೆ ಸ್ವಾಮಿ" ಎನ್ನುತ್ತಾ ಹೆಚ್ಚಿನ ಜೋಡಿಯನ್ನು ಅಂಗೈಯಿಂದಲೇ ಒರೆಸಿದರು. ಕೊನೆಯ ಟಿ ದೂರ ಉಳಿದದ್ದನ್ನು ಕಂಡು, ಸೀಮೆಸುಣ್ಣ ತೆಗೆದುಕೊಂಡು ಆ ಖಾಲಿ ಜಾಗದ ಮೇಲೊಂದು ಕೆಳಗೊಂದು ಬಿಲ್ಲುಗೆರೆ ಎಳೆದರು. ಅಕ್ಷರಗಳನ್ನು ಕೂಡಿಸಬೇಕೆಂಬ ಕರಡಿನ ಗುರುತು ಅದು. ಎಲ್ಲರೂ ನಕ್ಕರು. ನನಗೆ ಮಾತ್ರ ಪೀಠಿಕೆಯೇ ಸಿಕ್ಕಂತಾಯಿತು, ಏಕೆಂದರೆ ಅಮೆರಿಕದಲ್ಲೂ ಈ ಪದದ ಮೇಲೆ ಹೆಚ್ಚುಕಡಿಮೆ ಇದೇ ಬಗೆಯ ಆಕ್ಷೇಪ ಎದ್ದಿತ್ತು. 1965ರಲ್ಲಿ ಬರೆದ ಈ ಕವಿತೆ ಲೇಖಕ ಜಾರ್ಜ್ ಪ್ಲಿಂಪ್ಟನ್ ಸಂಪಾದಿಸಿದ ಒಂದು ಸಂಕಲನಕ್ಕೆ ಆಯ್ಕೆಯಾದಾಗ ಸರ್ಕಾರಿ ಕಲಾನಿಧಿಯಿಂದ ಕವಿಗೆ 500 ಡಾಲರ್ ಸಂದಿತು. ತಪ್ಪು ಕಾಗುಣಿತದ ಒಂದು ಪದಕ್ಕೆ ತೆರಿಗೆದಾರರ ಹಣವೇ ಎಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರು ವರ್ಷಗಟ್ಟಲೆ ಆಡಿಕೊಂಡರು.

ಸರೋಯನ್ 1943ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಅರ್ಮೇನಿಯನ್ ಮೂಲದ ಪ್ರಸಿದ್ಧ ಲೇಖಕ ವಿಲಿಯಂ ಸರೋಯನ್ ಅವರ ಮಗ. ಧಾರಾಳವಾಗಿ ಬರೆದ ತಂದೆಗೆ ಇಷ್ಟು ಜಿಪುಣ ಮಗನೇ ಎಂದು ನನಗೆ ಹಲವು ಬಾರಿ ಅನಿಸಿದೆ. ಟೈಪ್‌ರೈಟರಿನಲ್ಲೇ ಕವಿತೆ ಕಟ್ಟಿದ ಇವರು, ನಾಲ್ಕು ಕಾಲಿನ 'ಎಂ' ಅಕ್ಷರವೊಂದನ್ನೇ ಕವಿತೆಯೆಂದು ಮುಂದಿಟ್ಟರು. ಖಾಲಿ ಹಾಳೆಗಳ ಕಟ್ಟನ್ನೂ ಪುಸ್ತಕವೆಂದು ಹೊರತಂದರು. (ಆ ಪುಸ್ತಕದಲ್ಲಿ ನಮ್ಮ ಹಿರಿಯರಿಗೆ ಕೆಲಸವಿರುತ್ತಿರಲಿಲ್ಲ.) ಗದ್ಯಕ್ಕೆ ಬಂದಾಗ ಕೈ ಸಡಿಲವಾಯಿತು. ತಂದೆಯ ಕೊನೆಯ ದಿನಗಳ ಕುರಿತು 1982ರಲ್ಲಿ ಹೊರಬಂದ 'ಲಾಸ್ಟ್ ರೈಟ್ಸ್', ಮುಂದೆ 'ದಿ ರೊಮ್ಯಾಂಟಿಕ್' ಕಾದಂಬರಿ, ಇವೆಲ್ಲ ಪೂರ್ಣ ವಾಕ್ಯಗಳ ಪುಸ್ತಕಗಳೇ. ಆದರೂ ನನ್ನನ್ನು ಹಿಡಿದಿಡುವುದು ಆ ಏಳಕ್ಷರ.

"ಇದನ್ನು ಕನ್ನಡಕ್ಕೆ ತರಬಹುದಲ್ಲವೇ?" ಎಂದು ಕಾಲೇಜು ಹುಡುಗಿಯೊಬ್ಬಳು ಕೇಳಿದಳು. ವಾರವಿಡೀ ನಾನು ಹೆಣಗಿದ್ದು ಅದಕ್ಕೇ. 'ಬೆಳಕು' ಎಂಬಲ್ಲಿ 'ಳ' ಇನ್ನೊಂದು ಸೇರಿಸಿ 'ಬೆಳಳಕು' ಎಂದು ಬರೆದುನೋಡಿದ್ದೆ. ಬರೆದದ್ದನ್ನೆಲ್ಲ ಉಚ್ಚರಿಸುವ ನಮ್ಮ ಭಾಷೆಯಲ್ಲಿ ಅದು ತೊದಲಾಯಿತೇ ಹೊರತು ಬೆಳಕಾಗಲಿಲ್ಲ. ಇಂಗ್ಲಿಷಿನಲ್ಲಾದರೋ ಆ ಹೆಚ್ಚಿನ ಜೋಡಿ ಕಿವಿಗೆ ತಾಗುವುದೇ ಇಲ್ಲ, ಕಣ್ಣಿನಲ್ಲಿ ಮಾತ್ರ ಪದ ಒಂದಿಷ್ಟು ಹೊತ್ತು ಉರಿಯುತ್ತದೆ. ನಾಲಗೆ ಸುಮ್ಮನಿದ್ದು ಕಣ್ಣೊಂದೇ ಓದುವ ಅಕ್ಷರ ನಮ್ಮಲ್ಲಿ ಯಾವುದಿದೆಯೆಂದು ನಾವು ಹತ್ತು ಮಂದಿ ಕಾಲುಗಂಟೆ ಹುಡುಕಿದೆವು, ಸಿಗಲಿಲ್ಲ.

ಅಷ್ಟರಲ್ಲಿ ನಾನು ಹಲಗೆಯ ಮೇಲಿನ ಬಿಲ್ಲುಗೆರೆ ಒರೆಸಿ, ಜೋಡಿಯನ್ನು ಮೊದಲಿನ ಜಾಗದಲ್ಲೇ ಮತ್ತೆ ಬರೆದಿದ್ದೆ. ಸಭೆ ಮುಗಿದ ಮೇಲೆ ಹಿರಿಯರು ಅದರ ಮುಂದೆ ಕೈಕಟ್ಟಿಕೊಂಡು ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಕವಿಯ ಮಾತಿಗೆ ನನ್ನ ತಕರಾರಿಲ್ಲ ಸ್ವಾಮಿ. ಆದರೆ ಹೋಗುವಾಗ ಹಲಗೆ ಒರೆಸಿಬಿಡಿ, ನಾಳೆ ಮಕ್ಕಳು ಬರುತ್ತವೆ" ಎಂದರು.