ಹಳೇ ಪಟದಲ್ಲಿ ಮುಖಕ್ಕಿಂತ ಮೊದಲು ರಟ್ಟು ನೋಡಿ

ಮೈಸೂರಿನ ಹಳೇ ಮನೆಗಳಿಂದ ಸ್ಕ್ಯಾನಿಂಗಿಗೆ ಪಟ ಬಂದರೆ, ಕೆಲಸಕ್ಕೆ ಹೊಸಬರು ಮೊದಲು ಮಾಡುವುದು ಮುಖದ ಸುತ್ತ ಕತ್ತರಿಸುವ ಕೆಲಸ. ಅದು ಬೇಡ. ಪಟ ಅಂಟಿಸಿದ ರಟ್ಟಿನ ಮೇಲೆ ಕೆಳಗಿರುವ ಬರಹ, ಸ್ಟುಡಿಯೋ ಮುದ್ರೆ, ಬೆನ್ನ ಹಿಂದಿನ ಪೆನ್ಸಿಲ್ ಗೀಚು ಎಲ್ಲವೂ ದಾಖಲೆ.

ಅಮೆರಿಕದಲ್ಲಿ ವೈದ್ಯಕೀಯ ಓದಿದ ನಮ್ಮ ದೇಶದ ಆನಂದಿಬಾಯಿ ಜೋಶಿ, ಜಪಾನಿನ ಕೇಯಿ ಒಕಾಮಿ, ಸಿರಿಯಾದ ಇಸ್ಲಾಂಬೂಲಿ ಒಟ್ಟಿಗಿರುವ ಪಟವನ್ನೇ ನೋಡಿ. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಈ ಚಿತ್ರದ ತಾರೀಖು 1885ರ ಅಕ್ಟೋಬರ್ 10. ಕೆಳಗೆ ಮೂವರ ಹೆಸರಿನ ಮುಂದೂ 'ಡಾಕ್ಟರ್' ಎಂದಿದೆ. ಆದರೆ ಆನಂದಿಬಾಯಿ ಪಾಸಾದದ್ದು 1886ರಲ್ಲಿ, ಒಕಾಮಿ 1889ರಲ್ಲಿ, ಇಸ್ಲಾಂಬೂಲಿ 1890ರಲ್ಲಿ. ಅಂದರೆ ಆ ಅಕ್ಷರಗಳು ಪಟ ತೆಗೆದ ದಿನದವಲ್ಲ, ಆಮೇಲೆ ಸೇರಿದವು. ಆನಂದಿಬಾಯಿಯ ಊರಿನ ಹೆಸರೂ 'ಸೆರಾನಿಸೋರ್' ಎಂದು ಕೆಟ್ಟಿದೆ; ಆಕೆ ಅಮೆರಿಕಕ್ಕೆ ಹೊರಡುವ ಮೊದಲು ಇದ್ದದ್ದು ಬಂಗಾಳದ ಸೆರಾಂಪುರದಲ್ಲಿ. ಇಂಥದ್ದನ್ನು ತಿದ್ದಿ ಬರೆಯಬಾರದು. ದಾಖಲೆ ಪಟ್ಟಿಯಲ್ಲಿ ಇದ್ದದ್ದು ಇದ್ದಂತೆ ಒಂದು ಕಾಲಂ, ನಮ್ಮ ತಿದ್ದುಪಡಿ ಪಕ್ಕದ ಕಾಲಂ.

ಆ ಕಾಲದ ಪಟಗಳು ಹೆಚ್ಚಾಗಿ ಆಲ್ಬುಮಿನ್ ಪ್ರಿಂಟು, ಅಂದರೆ ಮೊಟ್ಟೆಯ ಬಿಳಿ ಲೋಳೆ ಸವರಿದ ತೆಳು ಕಾಗದ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದರೆ ಕಾಗದದ ನಾರು ಕಾಣುತ್ತದೆ, ಬಿಳಿ ಭಾಗ ಹಳದಿಗಟ್ಟಿರುತ್ತದೆ. ನಾರು ಕಾಣದೆ, ಕಪ್ಪು ಅಂಚಿನಲ್ಲಿ ಬೆಳ್ಳಿಯಂಥ ಹೊಳಪಿದ್ದರೆ ಅದು ಬಹುಶಃ ಜೆಲಟಿನ್ ಲೇಪದ ಪ್ರಿಂಟು. ಎರಡಕ್ಕೂ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಮೆತ್ತನೆಯ ಬ್ರಷ್ಷಲ್ಲಿ ಧೂಳು ತೆಗೆದರೆ ಸಾಕು.

ನಮ್ಮ ಕಡೆಯ ಪಟಗಳಿಗೆ ಇನ್ನೊಂದು ಕಾಟ: ಗಾಜಿನ ಮೇಲೆ ಗಂಧ, ಕುಂಕುಮ, ಹೂವಿನ ಹಾರ. ಹಾರದ ನೀರು ಗಾಜಿನ ಮೇಲೆ ಇಳಿದು ಚೌಕಟ್ಟಿನ ಕೆಳ ಅಂಚಿನಲ್ಲಿ ಒಳಹೊಗುತ್ತದೆ. ಮೊದಲು ಬೂಷ್ಟು ಹಿಡಿಯುವುದು, ಚಿತ್ರ ಗಾಜಿಗೆ ಅಂಟುವುದು ಅಲ್ಲೇ. ಅಂಟಿದ್ದನ್ನು ಕೀಳಬೇಡಿ, ಮುಖವೇ ಗಾಜಿನ ಪಾಲಾಗುತ್ತದೆ. ಗಾಜಿನ ಸಮೇತ ಕ್ಯಾಮೆರಾದಲ್ಲಿ ತೆಗೆಯಿರಿ, ದೀಪ ಎರಡೂ ಬದಿಯಿಂದ 45 ಡಿಗ್ರಿಗೆ.

ಬಾಗಿದ ರಟ್ಟಿಗೂ ಇದೇ ದಾರಿ. ಸ್ಕ್ಯಾನರ್ ಮುಚ್ಚಳ ಒತ್ತಿದರೆ ಒಣಗಿದ ರಟ್ಟು ಪಟಕ್ಕನೆ ಮುರಿಯುತ್ತದೆ. ಚಪ್ಪಟೆ ಇದ್ದರೆ ಸ್ಕ್ಯಾನರಿನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕೆ), ಚಿಕ್ಕ ಪಟಕ್ಕೆ 1200. ಬಣ್ಣದ ಮೋಡ್, ಬಣ್ಣದ ಆಳ 16 ಬಿಟ್, ಫೈಲು ಟಿಫ್ ರೂಪದಲ್ಲಿ. ಕಪ್ಪು-ಬಿಳುಪು ಮೋಡಲ್ಲಿ ಕಲೆಗೂ ನೆರಳಿಗೂ ವ್ಯತ್ಯಾಸ ಅಳಿಸಿಹೋಗುತ್ತದೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ.

ಮುಖ ಚೊಕ್ಕ ಮಾಡಿಕೊಡುವ ಈಗಿನ ಆ್ಯಪ್‌ಗಳು ಇಲ್ಲದ ಕಣ್ಣು, ಇಲ್ಲದ ಸೀರೆಯಂಚು ಕೂಡಿಸುತ್ತವೆ. ಮನೆಯವರು ಕೇಳಿದರೆ ಮಾಡಿಕೊಡಿ, ಆದರೆ ಬೇರೆ ಫೈಲಿನಲ್ಲಿ, ಹೆಸರಿನಲ್ಲೇ 'ತಿದ್ದಿದ್ದು' ಎಂದು ಹಾಕಿ. ಮೂಲ ಪಟವನ್ನು ಪಿವಿಸಿ ಪ್ಲಾಸ್ಟಿಕ್ ಕವರಿಗೆ ಹಾಕದೆ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಹೊರಗೋಡೆಗೆ ತಾಗದ ಬೀರುವಿನಲ್ಲಿ ಇಡಲು ಹೇಳಿ ಕಳಿಸಿ.