ದೂರದ ಲೆಕ್ಕ ನಂಬಿ, ಗಂಟೆಯ ಲೆಕ್ಕ ನಂಬಬೇಡಿ

ಎರಡು ಊರುಗಳ ನಡುವೆ ಎಷ್ಟು ದೂರ ಎಂದು ಹುಡುಕಿದರೆ ಕಿಲೋಮೀಟರ್ ಜೊತೆಗೆ ವಿಮಾನದಲ್ಲಿ ಇಷ್ಟು ಗಂಟೆ ಎಂಬ ಸಾಲೂ ಸಿಗುತ್ತದೆ. ಆ ಗಂಟೆ ನೋಡಿ ಮುಂದಿನ ರೈಲು ಬುಕ್ ಮಾಡಿದವರು ಕೆಡುತ್ತಾರೆ. ಹೆಚ್ಚಿನ ಕಡೆ ಅದು ನೇರ ದೂರವನ್ನು 800–900 ಕಿ.ಮೀ. ವೇಗದಿಂದ ಭಾಗಿಸಿದ ಅಂಕಿ, ಅಷ್ಟೇ.

ಲಂಡನ್–ನ್ಯೂಯಾರ್ಕ್ ಸುಮಾರು 5,550 ಕಿ.ಮೀ. ಭಾಗಿಸಿದರೆ ಆರು ಗಂಟೆ ಚಿಲ್ಲರೆ. ಟಿಕೆಟ್‌ನಲ್ಲಿ ಹೋಗಲು ಎಂಟು ಗಂಟೆಯ ಆಸುಪಾಸು, ಬರಲು ಏಳು. ಅಟ್ಲಾಂಟಿಕ್ ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. 2020ರ ಫೆಬ್ರವರಿಯಲ್ಲಿ ಇದೇ ಗಾಳಿಯ ಜೋರಿಗೆ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ನ್ಯೂಯಾರ್ಕ್‌ನಿಂದ ಐದು ಗಂಟೆಯೊಳಗೆ ಲಂಡನ್ ಮುಟ್ಟಿತ್ತು. ಟಿಕೆಟ್‌ನ ಸಮಯದಲ್ಲಿ ಗೇಟ್ ಬಿಟ್ಟು ರನ್‌ವೇವರೆಗೆ ತೆವಳುವುದು, ಇಳಿದ ಮೇಲೆ ಗೇಟ್ ಸೇರುವುದು ಎಲ್ಲವೂ ಸೇರಿರುತ್ತದೆ. ವಿಳಂಬಕ್ಕೆಂದು ಕಂಪನಿಗಳು ಒಂದಿಷ್ಟು ನಿಮಿಷ ಮೊದಲೇ ಸೇರಿಸಿಯೂ ಇಡುತ್ತವೆ. ಹೆಲ್ಸಿಂಕಿ–ಟೋಕಿಯೋ ಇನ್ನೊಂದು ಕಥೆ. 2022ರಲ್ಲಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದ ಮೇಲೆ ಸುತ್ತಿ ಹೋಗಬೇಕಾಗಿ ಒಂಬತ್ತೂವರೆ ಗಂಟೆಯ ದಾರಿ ಹದಿಮೂರರ ಹತ್ತಿರ ಹೋಯಿತು. ಊರುಗಳು ಇದ್ದಲ್ಲೇ ಇವೆ.

ಟಿಕೆಟ್‌ನಲ್ಲಿ ಎರಡೂ ಕಡೆಯದು ಸ್ಥಳೀಯ ಸಮಯ. ಲಂಡನ್ ಬಿಡುವುದು 11ಕ್ಕೆ, ನ್ಯೂಯಾರ್ಕ್ ತಲುಪುವುದು ಮಧ್ಯಾಹ್ನ 2ಕ್ಕೆ ಎಂದಿದ್ದರೆ ಮೂರಕ್ಕೆ ಐದು ಗಂಟೆ ಕೂಡಿಸಿ, ನ್ಯೂಯಾರ್ಕ್ ಗಡಿಯಾರ ಅಷ್ಟು ಹಿಂದಿದೆ. ಮಾರ್ಚ್‌ನಲ್ಲಿ ಎರಡು-ಮೂರು ವಾರ, ಅಕ್ಟೋಬರ್ ಕೊನೆಯಿಂದ ಒಂದು ವಾರ ಮಾತ್ರ ನಾಲ್ಕು ಕೂಡಿಸಬೇಕು, ಏಕೆಂದರೆ ಬೇಸಿಗೆಗೆಂದು ಅಮೆರಿಕ ಗಡಿಯಾರವನ್ನು ಬ್ರಿಟನ್ನಿಗಿಂತ ಮೊದಲೇ ಒಂದು ಗಂಟೆ ಮುಂದಿಡುತ್ತದೆ, ತಡವಾಗಿ ಹಿಂದಿಡುತ್ತದೆ.

ನಿಜವಾಗಿ ಕೈ ಕಚ್ಚುವುದು ವಿಮಾನ ನಿಲ್ದಾಣದ ಹೆಸರು. ಅಗ್ಗದ ಟಿಕೆಟ್‌ನಲ್ಲಿ 'ಪ್ಯಾರಿಸ್' ಎಂದಿದ್ದರೂ ಇಳಿಯುವುದು ಬೋವೆಯಲ್ಲಿ ಇರಬಹುದು. ಅಲ್ಲಿಂದ ಪ್ಯಾರಿಸ್ 80 ಕಿ.ಮೀ.ಗೂ ಹೆಚ್ಚು, ಬಸ್ಸಿನಲ್ಲಿ ಒಂದೂಕಾಲು ಗಂಟೆ, ಅದೂ ಟ್ರಾಫಿಕ್ ಕರುಣೆ ತೋರಿದರೆ. ವಾಪಸ್ ಬರುವಾಗಲೂ ಅಷ್ಟೇ ದಾರಿ, ಬೆಳಗಿನ ಜಾವದ ವಿಮಾನವಾದರೆ ನಿದ್ದೆಗೆ ಎಳ್ಳುನೀರು. ಬಸ್ಸಿನ ದುಡ್ಡು, ಕಳೆದುಕೊಂಡ ಗಂಟೆ ಎರಡನ್ನೂ ಕೂಡಿಸಿದರೆ ಅಗ್ಗ ಎಂಬ ಮಾತೇ ಉಳಿಯುವುದಿಲ್ಲ. ಟೋಕಿಯೋದಲ್ಲಿ ನರಿಟಾಕ್ಕೆ ಬಂದು ಹನೆಡಾದಿಂದ ಹೊರಡುವ ಟಿಕೆಟ್ ಸಿಕ್ಕರಂತೂ ಊರಾಚೆಯ ಒಂದು ನಿಲ್ದಾಣದಿಂದ ದೂರದ ಇನ್ನೊಂದಕ್ಕೆ ಲಗೇಜ್ ಎಳೆಯಬೇಕು. ಆದ್ದರಿಂದ ಬುಕ್ ಮಾಡುವಾಗ ಊರಿನ ಹೆಸರು ಬಿಡಿ, ನಿಲ್ದಾಣದ ಮೂರಕ್ಷರದ ಕೋಡ್ ನೋಡಿ.

'ಡೈರೆಕ್ಟ್' ಎಂದರೆ ಎಲ್ಲೂ ನಿಲ್ಲುವುದಿಲ್ಲ ಎಂದಲ್ಲ. ಒಂದೇ ನಂಬರಿನ ವಿಮಾನ ನಡುವೆ ಇಳಿದು ಏರಬಹುದು. ಬೇಕಾದದ್ದು 'ನಾನ್‌ಸ್ಟಾಪ್'.

ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಹೋಗುವುದು ನನ್ನ ಮಟ್ಟಿಗೆ ಜೂಜು. ಸಾಮಾನ್ಯವಾಗಿ ಬ್ಯಾಗ್ ಇಳಿಸಿಕೊಂಡು ಮತ್ತೆ ಚೆಕ್‌-ಇನ್ ಮಾಡಬೇಕು, ಅದಕ್ಕಾಗಿ ಆ ದೇಶದ ವೀಸಾ ಬೇಕಾಗಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ ನಿಮ್ಮದೇ ಖರ್ಚು. ಅನೇಕ ಕಂಪನಿಗಳು ಅಂತರರಾಷ್ಟ್ರೀಯ ಕೌಂಟರ್ ಅನ್ನು ಒಂದು ಗಂಟೆ ಮೊದಲೇ ಮುಚ್ಚುತ್ತವೆ, ಹಾಗಾಗಿ ಮೂರು ಗಂಟೆ ಅಂತರವಿದ್ದರೂ ಕೈಯಲ್ಲಿ ಉಳಿಯುವುದು ಎರಡೇ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಅದರ ಗೊಡವೆಗೇ ಹೋಗಬೇಡಿ.

600 ಕಿ.ಮೀ. ಒಳಗಿನ ದೂರಕ್ಕೆ ಮೊದಲು ರೈಲು ನೋಡಿ. ಟೋಕಿಯೋ–ಒಸಾಕಾ ವಿಮಾನ ಒಂದೂಕಾಲು ಗಂಟೆಯ ಆಸುಪಾಸು, ನೊಜೋಮಿ ಬುಲೆಟ್ ರೈಲು ಎರಡೂವರೆ. ಆದರೆ ರೈಲಿಗೆ ಹದಿನೈದು ನಿಮಿಷ ಮುಂಚೆ ಹೋದರೆ ಸಾಕು, ಹತ್ತುವುದೂ ಇಳಿಯುವುದೂ ಊರೊಳಗೇ.